ಚಾರ್ಜರ್ ಚಿಪ್ಪು ಮತ್ತು ನಮ್ಮತ್ತೆಯ ಗಂಟಲು

ಕೆಟ್ಟ ವಸ್ತುವೊಂದು ಸುಮ್ಮನೆ ಕೈಯಾಡಿಸಿದ್ದಕ್ಕೇ ಸರಿಹೋಯಿತೆಂದರೆ, ಅಲ್ಲಿಂದ ಆ ಮನುಷ್ಯ ಕೆಟ್ಟ ಎಂದೇ ಅರ್ಥ. ನಾನು ಕೆಟ್ಟದ್ದು ಮಿಕ್ಸಿಯಿಂದ. ಅದು ನಿಂತುಹೋದಾಗ ಅಡಿಯಲ್ಲಿದ್ದ ಕೆಂಪು ಗುಂಡಿ ಒತ್ತಿದೆ, ತಿರುಗಿತು. ಕೊಳ್ಳೇಗಾಲದಲ್ಲಿ ಕನ್ನಡ ಪಾಠ ಹೇಳಿಕೊಂಡು ಸುಖವಾಗಿದ್ದ ನಾನು ಅಂದಿನಿಂದ ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರು, ಭೂತಗನ್ನಡಿ ಎಲ್ಲ ತಂದಿಟ್ಟುಕೊಂಡು ಇಂಜಿನಿಯರಾದೆ. ಸಂಧಿ ಸಮಾಸ ಬಿಡಿಸುತ್ತಿದ್ದ ಕೈ ರೇಡಿಯೋ ಬಿಡಿಸತೊಡಗಿತು. ಬಿಡಿಸಿದ್ದನ್ನು ಕೂಡಿಸುವ ಸೂತ್ರ ಮಾತ್ರ ನಮ್ಮ ವ್ಯಾಕರಣದಲ್ಲಿಲ್ಲ. ಹೆಂಡತಿ ರತ್ನ ಈಗ ಗಡಿಯಾರವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ.

ಅವಳ ತವರು ಬಂಡಳ್ಳಿ. ಅಲ್ಲಿ ನಮ್ಮತ್ತೆಯ ಜೋಳದ ಹೊಲವಿದೆ. ತೆನೆ ಹಾಲುಗಟ್ಟಿತೆಂದರೆ ಗಿಣಿಗಳ ದಂಡು ಇಳಿಯುತ್ತದೆ. ಓಡಿಸಲು ಹೊಲದ ನಡುವೆ ಒಂದು ಬ್ಯಾಟರಿ ಮೈಕು. ಒಮ್ಮೆ ಕೂಗಿ ರೆಕಾರ್ಡ್ ಮಾಡಿಟ್ಟರೆ ದಿನವಿಡೀ ಅದೇ ಕೂಗುತ್ತದೆ. ಅದರಲ್ಲಿರುವುದು ಅತ್ತೆಯದೇ ದನಿ: "ಓಯ್! ನಿಮ್ಮನೆ ಆಳಾಗ, ಓಗ್ರಲೇ ಅತ್ಲಾಗೆ!" ಗಿಣಿಗಳಿರಲಿ, ಆ ದನಿಗೆ ಎಷ್ಟೋ ಸಲ ನಾನೇ ಬಂದ ದಾರಿ ಹಿಡಿಯಲು ನೋಡಿದ್ದೇನೆ. ಮೊನ್ನೆ ಆ ಮೈಕು ಚಾರ್ಜ್ ಆಗುವುದನ್ನೇ ಬಿಟ್ಟಿತು. ಅತ್ತೆ ತಾವೇ ಬಿಸಿಲಲ್ಲಿ ಕೂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಫೋನಿನಲ್ಲಿ ಆ ಗೊಗ್ಗರು ದನಿ ಕೇಳಿ ರತ್ನಳ ಕಣ್ಣು ತುಂಬಿತು. "ಇಷ್ಟೆಲ್ಲ ಸಾಮಾನು ಗುಡ್ಡೆ ಆಕಂಡಿದ್ದೀರಲ್ಲ, ನಮ್ಮವ್ವುಂಗೆ ಅದೊಂದ ಮಾಡ್ಕೊಡಿ" ಎಂದಳು. ಅವಳು ನನ್ನ ವಿದ್ಯೆಯನ್ನು ನಂಬಿದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು.

ಮೈಕು ಬಸ್ಸಿನಲ್ಲಿ ಬಂತು. ಬಿಚ್ಚಿದರೆ ಒಳಗೆ ಹಸಿರು ಬೋರ್ಡು, ಅದರ ಮೇಲೆ ಎಂಟು ಕಾಲಿನ ಪುಟ್ಟ ಕರಿ ಚಿಪ್ಪು. ಬ್ಯಾಟರಿಗೆ ಎಷ್ಟು ಉಣಿಸಬೇಕು, ಯಾವಾಗ ಸಾಕು ಅನ್ನಬೇಕು ಎಂಬುದೆಲ್ಲ ಅದರದೇ ಯಜಮಾನಿಕೆ. ಮೀಟರು ಹಿಡಿದೆ. ಚಿಪ್ಪಿಗೆ ಐದು ವೋಲ್ಟು ಬರುತ್ತಿದೆ, ಅಲ್ಲಿಂದ ಬ್ಯಾಟರಿಗೆ ಏನೂ ಹೋಗುತ್ತಿಲ್ಲ. ಬೆರಳಿಟ್ಟರೆ ಚುರ್ ಎಂದಿತು. "ಚಿಪ್ಪು ಹೋಗಿದೆ" ಎಂದೆ ಗಂಭೀರವಾಗಿ. "ನಮ್ ಕೈಗೆ ಚಿಪ್ಪು ಬರೋದೇನ್ ಒಸದಾ, ಬುಡಿ" ಎಂದಳು ರತ್ನ. ಮೊಬೈಲ್ ಅಂಗಡಿಯಿಂದ ಹೊಸದನ್ನು ತಂದು ಬೆಸೆದೆ. ಹೊಗೆ ಬಂತು. ಚಿಪ್ಪಿನ ಮೂಲೆಯಲ್ಲೊಂದು ಚುಕ್ಕಿಯಿರುತ್ತದೆ, ಅದು ಬೋರ್ಡಿನ ಗುರುತಿನ ಕಡೆಗೇ ಇರಬೇಕಂತೆ. ಮಕ್ಕಳು ಒಂದು ಸೊನ್ನೆ ಬಿಟ್ಟರೂ ಅಂಕ ಕಳೆಯುವ ನಾನು ಚುಕ್ಕಿ ನೋಡದೆ ಹಿಂದುಮುಂದಾಗಿ ಕೂರಿಸಿದ್ದೆ. ಮತ್ತೊಂದು ತಂದು, ಚುಕ್ಕಿ ನೋಡಿ ಕೂರಿಸಿದೆ. ಕೆಂಪು ದೀಪ ಬೆಳಗಿತು. ರತ್ನ ನನ್ನನ್ನು ನೋಡಿದ ನೋಟ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಬಂಡಳ್ಳಿಯಲ್ಲಿ ಅತ್ತೆಯ ಜೊತೆಗಿರುವವನು ನನ್ನ ಷಡ್ಡಕ ಮಾದೇಶ. ಚಾರ್ಜಿಗೆ ಹಾಕಿ ನೋಡಿ ಫೋನ್ ಮಾಡು ಎಂದು ಹೇಳಿ ಮೈಕನ್ನು ಬಸ್ಸಿಗೆ ಹತ್ತಿಸಿದೆ. ಭಾನುವಾರ ಬೆಳಿಗ್ಗೆ ಅವನ ಫೋನು. ಗೊರಗೊರ ಸದ್ದಿನ ನಡುವೆ "ಅಣ್ಣಾ... ಅತ್ತೇ ಇಲ್ಲ ಕಣಣ್ಣ!" ಎಂದದ್ದಷ್ಟೇ ಕೇಳಿಸಿತು. ಲೈನು ಕಡಿದುಹೋಯಿತು. ಮತ್ತೆ ಎಷ್ಟು ಮಾಡಿದರೂ ಸಿಗಲಿಲ್ಲ.

ಸ್ಕೂಟರಿನ ಹಿಂದೆ ರತ್ನಳ ಗೋಳು ಹೇಳತೀರದು. ನನಗೆ ಕಣ್ಣೀರೇ ಬರಲಿಲ್ಲ. ಬೆಸುಗೆ ಸರಿಯಾಗಿತ್ತೆ? ಅತ್ತೆ ಒದ್ದೆ ಕೈಯಲ್ಲಿ ಪಿನ್ನು ಹಾಕಿದ್ದರೆ? ನನ್ನ ಇಂಜಿನಿಯರಿಂಗೇ ಅವರನ್ನು ಬಲಿ ತೆಗೆದುಕೊಂಡಿತೆ? ಹೀಗೆ ಕೇಳಿಕೊಳ್ಳುತ್ತಲೇ ಹನೂರಿನಲ್ಲಿ ಒಂದು ಹಾರ ಕೊಂಡೆ. ಬಂಡಳ್ಳಿಯ ಹೊಲದ ಹತ್ತಿರ ಬರುತ್ತಿದ್ದಂತೆ ಜೋಳದ ಒಳಗಿನಿಂದ "ಓಯ್! ನಿಮ್ಮನೆ ಆಳಾಗ!" ಎಂದು ಕೇಳಿಸಿತು. "ಅಯ್ಯೋ, ಅವ್ವ ಓದ್ರೂ ಅವ್ವನ ದನಿ ಉಳೀತಲ್ಲಪ್ಪಾ!" ಎಂದು ರತ್ನ ಇನ್ನೂ ಜೋರಾಗಿ ಅತ್ತಳು. ನಿಜ ಹೇಳಿಬಿಡುತ್ತೇನೆ, ಆ ದುಃಖದಲ್ಲೂ ನನಗೆ ಮೊದಲು ಹೊಳೆದದ್ದು, ಚಿಪ್ಪು ಕೆಲಸ ಮಾಡುತ್ತಿದೆ ಎಂದು.

ಅಷ್ಟರಲ್ಲಿ ಜೋಳ ಅಲುಗಾಡಿ, ತಲೆಗೆ ಟವೆಲು ಸುತ್ತಿದ ಅತ್ತೆ ಸಾಕ್ಷಾತ್ ಎದ್ದುನಿಂತರು. ಗಂಟಲು ಸರಿಹೋಗಿತ್ತು; ಕೂಗಿದ್ದು ಮೈಕಲ್ಲ, ಅವರೇ. "ಇದ್ಯಾಕವ್ವಾ ಅಳ್ತೀಯೆ? ಅಳಿಯಂದ್ರೆ, ಆರ ಯಾರ್ಗೆ?"

ನಾನು ಹಾರವನ್ನು ಬೆನ್ನ ಹಿಂದೆ ಅಡಗಿಸಿ, ಬದುವಿನ ಮೇಲಿದ್ದ ಮಾದೇಶನನ್ನು ಹಿಡಿದೆ. "ನಾನೇಳಿದ್ದು ಲೈಟಣ್ಣ! ಕೆಂಪು ಲೈಟು ಅತ್ತೇ ಇಲ್ಲ ಅಂದೆ" ಎಂದ ಅವನು. ಹತ್ತೇ ಇಲ್ಲ ಎಂಬುದನ್ನು ನಮ್ಮ ಕಡೆ ಯಾರೂ ಬೇರೆ ಹೇಗೂ ಹೇಳುವುದಿಲ್ಲ. ನಾನೂ ಯಳಂದೂರಿನವನು, ಹಕಾರವಿಲ್ಲದೆಯೇ ಬೆಳೆದವನು. ಕಾಲೇಜಿನಲ್ಲಿ ಕಷ್ಟಪಟ್ಟು ಒಂದು ಹಕಾರ ಸಂಪಾದಿಸಿ, ಕೊನೆಗೆ ನನ್ನವರ ಮಾತೇ ಅರ್ಥವಾಗದ ಪಂಡಿತನಾಗಿದ್ದೆ. ಲೈಟು ಯಾಕೆ ಹತ್ತಲಿಲ್ಲವೆಂದು ಮನೆಗೆ ಹೋಗಿ ನೋಡಿದರೆ ಊರಿಗೇ ಕರೆಂಟಿರಲಿಲ್ಲ. ಬಂದ ಕೂಡಲೇ ಹತ್ತಿತು.

ಅತ್ತೆ ನಕ್ಕು ನಕ್ಕು ಸುಸ್ತಾದರು. ಹಾರವನ್ನು ಕಿತ್ತುಕೊಂಡು ಮೈಕಿಗೇ ಹಾಕಿದರು. ಕಾಫಿ ಕೊಡುತ್ತ ಮಗಳನ್ನು ಕೇಳಿದರು, "ನಾ ಸತ್ತೋದೆ ಅಂತ ಬಂದ್ರಲ್ಲವ್ವಾ, ಅಳಿಯಂದ್ರು ಬೋ ಅತ್ರಾ?"

"ಇವ್ರಾ? ಗಾಡಿ ಕನ್ನಡಿಲಿ ದಾರಿ ಪೂರಾ ನೋಡ್ದೆ ಕಣವ್ವ" ಎಂದಳು ರತ್ನ. "ಅತ್ತೇ ಇಲ್ಲ."

ಕನ್ನಡ ಮೇಷ್ಟ್ರಾದ ನಾನು ಆ ಮಾತಿನಲ್ಲಿ ಎಲ್ಲಾದರೂ ಒಂದು ಹಕಾರ ಬಿಟ್ಟುಹೋಗಿದೆಯೇ ಎಂದು ಗಾಬರಿಯಿಂದ ಹುಡುಕಿದೆ. ಬಿಟ್ಟುಹೋಗಿರಲಿಲ್ಲ.