ಬಿಷಪ್ಪರ ಮೂಲಕ ಒಂದನೇ ಕ್ಲಾಸಿಗೆ

ಮನುಷ್ಯನನ್ನು ಕಂಡ ಕೂಡಲೇ ಹೆಸರು, ಊರು ವಿಚಾರಿಸುವವರು ಉಂಟು. ನನಗೆ ಅವೆರಡೂ ಬೇಡ. ಇವನು ಯಾರ ಕೈಕೆಳಗೆ, ಇವನ ಕೈಕೆಳಗೆ ಯಾರು, ಇಷ್ಟು ತಿಳಿದರೆ ಜೀವಕ್ಕೆ ಸಮಾಧಾನ. ಇದು ಹುಟ್ಟುಗುಣವಲ್ಲ, ಭದ್ರಾವತಿಯ ಕಾರ್ಖಾನೆಯ ಆಫೀಸು ಕಲಿಸಿದ್ದು. ಅಲ್ಲಿ ಒಂದು ಪೆನ್ಸಿಲ್ ಬೇಕೆಂದರೂ ಅರ್ಜಿ ನಾಲ್ಕು ಮೇಜು ಹತ್ತಿ, ನಾಲ್ಕು ಸಹಿ ಹೊತ್ತು, ಬಂದ ದಾರಿಯಲ್ಲೇ ಇಳಿದು ಬರಬೇಕು. ಹಾಗೆ ಹತ್ತಿ ಇಳಿದ ಕಾಗದಕ್ಕೆ ಒಂದು ಕಳೆ ಇರುತ್ತದೆ. ನೇರವಾಗಿ ಕೇಳಿ ಪಡೆದ ಪೆನ್ಸಿಲಿನಲ್ಲಿ ಬರೆಯಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಇಂಥ ನನ್ನ ತಲೆಗೆ ಮಗಳು ಪದ್ಮಳನ್ನು ಶಿವಮೊಗ್ಗದ ಒಂದು ಕಾನ್ವೆಂಟ್ ಶಾಲೆಗೆ ಸೇರಿಸುವ ಕೆಲಸ ಬಿತ್ತು. ನಮ್ಮ ಮನೆ ಅದೇ ಊರಿನ ಕೋಟೆ ಬೀದಿಯಲ್ಲಿ; ನಾನು ದಿನಾ ರೈಲಿನಲ್ಲಿ ಭದ್ರಾವತಿಗೆ ಹೋಗಿಬರುತ್ತಿದ್ದೆ. ಹೆಂಡತಿ ಸರೋಜ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆ ಕೊರಗು ಅವಳಲ್ಲಿ ಹಾಗೇ ಉಳಿದಿತ್ತು. ಮಗಳು ಓದಿದರೆ ಆ ಶಾಲೆಯಲ್ಲೇ ಓದಬೇಕು ಎಂದು ಪಟ್ಟು ಹಿಡಿದಳು. ಒಂದನೇ ಕ್ಲಾಸಿಗೆ ಜಾಗ ಕಡಿಮೆ, ಕೇಳುವವರು ಬಹಳ. “ಬರೆಯೋದ್ರಲ್ಲಿ ನೀವು ಗಟ್ಟಿಗರು, ಒಂದು ಅರ್ಜಿ ಬರೀರಿ” ಎಂದಳು. ಉಬ್ಬಿ ಕುಳಿತೆ. “ಇವರಿಗೆ” ಎಂದು ಬರೆದೆ. ಯಾರಿಗೆ ಎಂಬುದು ಗೊತ್ತಿಲ್ಲದೆ ಪೆನ್ನು ಅಲ್ಲೇ ನಿಂತಿತು.

ಬೆಳಗಿನ ರೈಲಿನಲ್ಲಿ ನನ್ನ ಜೊತೆ ಬರುತ್ತಿದ್ದ ಫಿಟ್ಟರ್ ಆರೋಗ್ಯಸ್ವಾಮಿ ಚರ್ಚಿನ ಭಾನುವಾರದ ಪೂಜೆ ತಪ್ಪಿಸದ ಮನುಷ್ಯ. ಅವನನ್ನು ಹಿಡಿದೆ. “ನಿಮ್ಮಲ್ಲಿ ಯಾರ ಮೇಲೆ ಯಾರು ಮಾರಾಯ, ಕ್ರಮವಾಗಿ ಹೇಳು.”

“ಫಾದರ್ ಅಂದ್ರೆ ಸಾಕು ಸಾರ್, ಎಲ್ಲಾರೂ ತಿರುಗಿ ನೋಡ್ತಾರೆ” ಎಂದ.

ಅಷ್ಟಕ್ಕೆ ಬಿಡುವವನೇ ನಾನು? ಕೆದಕಿ ಕೆದಕಿ ಕೇಳಿದೆ. ಫಾದರ್ ಒಂದು ಊರಿನ ಚರ್ಚಿಗೆ. ಅಂಥ ಕೆಲವು ಚರ್ಚುಗಳ ಮೇಲೆ ಕಣ್ಣಿಡಲು ಒಬ್ಬರು ಡೀನ್. ಆಮೇಲೆ ವಿಕರ್ ಜನರಲ್, ಅವರು ಬಿಷಪ್ಪರ ಬಲಗೈ. ಜನರಲ್ ಎಂದ ಕೂಡಲೇ ನಾನು ಬೆಂಚಿನ ಮೇಲೆ ನೆಟ್ಟಗೆ ಕುಳಿತೆ. ಇವರ ನಡುವೆ ಮಾನ್ಸಿನ್ಯೋರ್ ಎಂಬ ಮರ್ಯಾದೆಯೊಂದಿದೆ. ಅದು ಹುದ್ದೆಯಲ್ಲ, ಗೌರವ, ನಿಲುವಂಗಿಯ ಗುಂಡಿಯ ಬಣ್ಣ ನೋಡಿ ಗುರುತಿಸಬೇಕಂತೆ. ನಮ್ಮಲ್ಲಿ ಹಸಿರು ಇಂಕು ಕಂಡರೆ ದೊಡ್ಡ ಸಾಹೇಬರು ಎಂದು ತಿಳಿಯುವ ಹಾಗೆ. ರೈಲು ಮಾಚೇನಹಳ್ಳಿ ದಾಟುವಾಗ ನಾವು ಬಿಷಪ್ಪರನ್ನು ದಾಟಿ ಆರ್ಚ್‌ಬಿಷಪ್ಪರಿಗೆ ಬಂದಿದ್ದೆವು. ಭದ್ರಾವತಿ ಸ್ಟೇಷನ್ನಿನಲ್ಲಿ ಕೆಂಪು ಟೋಪಿಯ ಕಾರ್ಡಿನಲ್. ಪೋಪರನ್ನು ಸಂಜೆಯ ರೈಲಿಗೆ ಉಳಿಸಿಕೊಂಡೆವು.

ಸಂಜೆ ಅವನು ಹೇಳಿದ್ದು ಕೇಳಿ ನಾನು ದಂಗಾದೆ. ಎಲ್ಲರಿಗಿಂತ ಮೇಲಿರುವ ಆ ಪೋಪರು ತಮ್ಮನ್ನು “ದೇವರ ಸೇವಕರ ಸೇವಕ” ಎಂದು ಬರೆದುಕೊಳ್ಳುತ್ತಾರಂತೆ. ನಾವೂ ಅರ್ಜಿಯ ಕೊನೆಗೆ “ತಮ್ಮ ವಿಧೇಯ ಸೇವಕ” ಎಂದೇ ಬರೆಯುವುದು. ಆದರೆ ನಾವು ಬರೆಯುವುದು ಮೇಲಿನವರಿಗೆ. ಮೇಲೆ ಯಾರೂ ಇಲ್ಲದವರು ಯಾರಿಗೆ ಹೆದರಿ ಹಾಗೆ ಬರೆಯುತ್ತಾರೆ? ಎರಡು ದಿನ ಇದೇ ಯೋಚನೆ. ಊಟಕ್ಕೆ ಕುಳಿತಾಗಲೂ ಸರೋಜಳಿಗೆ ಡೀನು, ಜನರಲ್ಲು ಎಂದು ವಿವರಿಸುತ್ತಿದ್ದೆ. ಅವಳು ಹೂಂ ಹೂಂ ಎನ್ನುತ್ತ ಸಾರು ಬಡಿಸುತ್ತಿದ್ದಳು.

“ಮತ್ತೆ ಶಾಲೆಯ ಸಿಸ್ಟರು, ಮದರು ಎಲ್ಲಿ ಬರ್ತಾರೆ?” ಎಂದು ಆರೋಗ್ಯಸ್ವಾಮಿಯನ್ನು ಕೇಳಿದ್ದೆ. “ಅದು ಬೇರೆ ಲೈನು ಸಾರ್. ಸ್ಕೂಲ್ ವಿಷ್ಯ ಅವರೇ ನೋಡ್ಕೊಳ್ತಾರೆ” ಎಂದಿದ್ದ. ಈ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಫಿಟ್ಟರಿಗೆ ಆಡಳಿತ ಏನು ಗೊತ್ತು?

ಅರ್ಜಿ ಸಿದ್ಧವಾಯಿತು. ಮಹಾಪೂಜ್ಯ ಬಿಷಪ್ಪರವರ ಸನ್ನಿಧಾನಕ್ಕೆ. ಮೂಲಕ, ವಿಕರ್ ಜನರಲ್ ಅವರು. ಮೂಲಕ, ಡೀನ್ ಅವರು. ಮೂಲಕ, ಶಿವಮೊಗ್ಗದ ಫಾದರ್ ಅವರು. ವಿಷಯ: ಕುಮಾರಿ ಪದ್ಮಳನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳುವ ಬಗ್ಗೆ. ಅರ್ಧ ಹಾಳೆ ವಿಳಾಸವೇ ಆಯಿತು. ಸಿಸ್ಟರ್ ಹೆಸರು ಹಾಕಲಿಲ್ಲ. ಆದೇಶ ಇಳಿದು ಬಂದ ಮೇಲೆ ಜಾರಿ ಮಾಡುವವರು ಅವರು ತಾನೆ. ಚರ್ಚಿಗೆ ಒಯ್ದು ಫಾದರ್ ಕೈಗೆ ಕೊಟ್ಟೆ. ಅವರು ವಯಸ್ಸಾದವರು. ಕನ್ನಡಕ ಏರಿಸಿ ಎರಡು ಸಲ ಓದಿದರು. “ಇದಕ್ಕೆ ಸಿಸ್ಟರನ್ನ ಒಂದ್ಸಲ ಕಂಡ್ರೆ ಸಾಕಲ್ಲಾ?” ಎಂದರು. ಕೆಳಗಿನವರು ಜವಾಬ್ದಾರಿ ಜಾರಿಸುವ ಧಾಟಿ ನನಗೆ ಹೊಸದೇ? “ಪರವಾಗಿಲ್ಲ ಫಾದರ್, ಕ್ರಮವಾಗಿಯೇ ಹೋಗಲಿ” ಎಂದೆ. ಪಾಪ, ಅವರು ಸಹಿ ಹಾಕಿ ಕಳಿಸಿದರು.

ಮೂರು ವಾರ ಕಳೆದವು. ಪಕ್ಕದ ಮನೆಯ ಹುಡುಗಿಗೆ ಜಾಗ ಸಿಕ್ಕಿತು, ಎದುರು ಮನೆಯವಳಿಗೂ ಸಿಕ್ಕಿತು. “ರೀ, ಸೀಟು ಮುಗೀತಾ ಬಂತಂತೆ” ಎಂದಳು ಸರೋಜ. “ಕಾಗದ ಈಗ ಡೀನರ ಹತ್ತಿರ ಇರಬೇಕು ಕಣೇ” ಎಂದೆ. ಪದ್ಮ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದಳು. ಅದನ್ನು ನೋಡಿ ನನಗೆ ಮೊದಲ ಸಲ ಭಯವಾಯಿತು. ಆದರೂ ನಡುವೆ ಬಿದ್ದು ಕೇಳುವುದು ಕ್ರಮವಲ್ಲವೆಂದು ಸುಮ್ಮನಿದ್ದೆ.

ಮರುದಿನ ನಾನು ಭದ್ರಾವತಿಯಲ್ಲಿ ಇದ್ದ ಹೊತ್ತಿಗೆ ಸರೋಜ ಮಗಳ ತಲೆ ಬಾಚಿ, ಕೈ ಹಿಡಿದು ಶಾಲೆಗೆ ನಡೆದಳು. ಸಂಜೆ ಮನೆಗೆ ಬಂದಾಗ ಪದ್ಮ “ನಂಗೆ ಸೀಟು ಸಿಕ್ತು!” ಎಂದು ಕುಣಿಯುತ್ತಿದ್ದಳು. ಉಳಿದಿದ್ದ ಎರಡರಲ್ಲಿ ಒಂದು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕುತೂಹಲ ಅದಕ್ಕಿಂತ ಮುಂದೆ ನುಗ್ಗಿತು. “ಅವರನ್ನ ಏನಂತ ಕರೆದೆ? ಸಿಸ್ಟರ್ ಅಂದ್ಯಾ, ಮದರ್ ಅಂದ್ಯಾ?”

“ಅಮ್ಮಾ ಅಂದೆ. ನಾನು ಓದ್ಲಿಲ್ಲ ಅಮ್ಮಾ, ಇವಳಾದ್ರೂ ಓದ್ಲಿ ಅಂದೆ. ಒಳಗೆ ಕರೆದು ಕೂರಿಸಿದ್ರು.”

ಶಾಲೆ ಶುರುವಾಗಿ ಹತ್ತು ದಿನಕ್ಕೆ ನನ್ನ ಅರ್ಜಿ ಇಳಿದು ಬಂತು. ಎಲ್ಲರ ಸಹಿಯೂ ಇತ್ತು. ಕೆಳಗೆ ಬಿಷಪ್ಪರ ಕೈಬರಹ: “ಮಗುವಿಗೆ ಆಶೀರ್ವಾದ. ಸೇರ್ಪಡೆ ಸಿಸ್ಟರ್ ಅವರಿಗೆ ಬಿಟ್ಟದ್ದು. ದಯವಿಟ್ಟು ಅವರನ್ನು ಕಾಣಿರಿ.” ಬಿಷಪ್ಪರೇ ಹೇಳಿದ ಮೇಲೆ ಕಾಣದೆ ಇರಲಾದೀತೇ? ಹೋದೆ. ಸಿಸ್ಟರ್ ಅರ್ಜಿ ಓದಿ, ನಗು ತಡೆದುಕೊಂಡು, “ಬಂದಿದ್ದು ಒಳ್ಳೇದಾಯ್ತು, ತಂದೆಯ ಸಹಿ ಬಾಕಿ ಇತ್ತು” ಎಂದು ದಾಖಲಾತಿ ಫಾರಂ ಮುಂದಿಟ್ಟರು. “ತಂದೆಯ ಹುದ್ದೆ” ಎಂಬಲ್ಲಿ ಸರೋಜಳ ದುಂಡು ಅಕ್ಷರ: “ಕಾರ್ಖಾನೆಯಲ್ಲಿ ಏನೋ ಬರೆಯುತ್ತಾರೆ.” ಉಗ್ರಾಣ ಶಾಖೆಯ ಪ್ರಭಾರ ಹೆಡ್ ಗುಮಾಸ್ತೆ ಎಂದು ತಿದ್ದಲು ಹೊರಟೆ. ಅಷ್ಟು ಬರೆಯುವ ಜಾಗ ಅಲ್ಲಿರಲಿಲ್ಲ. ಸಹಿ ಹಾಕಿ ಬಂದೆ.

ಮನೆಗೆ ಬಂದವನೇ ಕೇಳಿದೆ: “ಮದುವೆಯಾಗಿ ಎಂಟು ವರ್ಷ ಆಯ್ತು, ನನ್ನ ಹುದ್ದೆ ಏನೂಂತ ನಿಂಗೆ ಗೊತ್ತಿಲ್ವೇನೇ?”

“ಅದನ್ನ ನೀವು ಯಾವತ್ತು ಹೇಳಿದ್ರಿ?” ಎಂದಳು ಸರೋಜ. “ಬಿಷಪ್ಪರ ಕೈಕೆಳಗೆ ಯಾರು ಅಂತ ಕೇಳಿ, ಹೇಳ್ತೀನಿ.”