ಹಲ್ಲಿನೊಳಗಿನ ಸುಣ್ಣ

"ನೀವ ಸುಣ್ಣಾ ತಿನ್ನಿಸೀರಿ, ಅತ್ತಿ. ಇಲ್ಲಾಂದ್ರ ಹಲ್ಲಿನ್ಯಾಗ ಎಲ್ಲಿಂದ ಬಂತು?"

"ಎಲಿ ತಿನ್ನಾಕಿ ನಾನು. ಆಕಿ ಮೂಸಿನೂ ನೋಡಿಲ್ಲ."

ಸವಣೂರಿನ ಹಲ್ಲಿನ ದವಾಖಾನೆಯಲ್ಲಿ ಸರೋಜವ್ವ ಮತ್ತು ಅವಳ ಅತ್ತೆ ಅಡಿವೆವ್ವ ಒಂದೇ ಬೆಂಚಿನ ಎರಡು ತುದಿಗೆ ಸರಿದು ಕುಳಿತಿದ್ದರು. ಸರೋಜವ್ವನ ಮಗಳು ರಾಜಶ್ರೀ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಳು, ಯಾರ ಪಕ್ಷ ವಹಿಸಲೂ ಆಗದೆ. ಚಿಕ್ಕವಳಿದ್ದಾಗ ಎಲೆತೋಟದ ಕಟ್ಟೆಯಿಂದ ಬಿದ್ದು ಅವಳ ಮುಂದಿನ ಹಲ್ಲು ಬೇರುಸಹಿತ ಕಿತ್ತುಬಂದಿತ್ತು. ಅದನ್ನು ಹಾಲಿನಲ್ಲಿ ಮುಳುಗಿಸಿ ಇಲ್ಲಿಗೆ ತಂದಿದ್ದರು. ಡಾಕ್ಟರ್ ತಸ್ಲೀಮಾ ಮರಳಿ ಕೂರಿಸಿದ್ದರು. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಹಲ್ಲು ಅಲ್ಲೇ ಇದೆ, ಬಣ್ಣ ಮಾತ್ರ ಹಳದಿ. ಕೀಳಿಸಿ ಬಿಳಿ ಹಲ್ಲು ಕಟ್ಟಿಸಬೇಕೆಂದು ತಾಯಿ, ತನ್ನ ಹಲ್ಲು ತನಗಿರಲೆಂದು ಮಗಳು.

ಡಾಕ್ಟರು ಎಕ್ಸ್‌ರೇ ತೋರಿಸಿದ್ದರು. ಪಕ್ಕದ ಹಲ್ಲುಗಳೊಳಗೆ ಕಪ್ಪು ಗೆರೆಯಾಗಿ ಕಾಣುವ ಟೊಳ್ಳು ಇದರಲ್ಲಿ ಬೆಳ್ಳಗೆ, ಗಟ್ಟಿಯಾಗಿ ತುಂಬಿಹೋಗಿತ್ತು. ಸರೋಜವ್ವನಿಗೆ ಅಷ್ಟೇ ಸಾಕಾಯಿತು. ಅವರ ಮನೆಯಲ್ಲಿ ಬೆಳ್ಳಗಿದ್ದು ಮೆತ್ತಿಕೊಂಡು ಗಟ್ಟಿಯಾಗುವ ವಸ್ತು ಒಂದೇ, ಅದು ಅತ್ತೆಯ ಎಲೆಚೀಲದಲ್ಲಿತ್ತು.

"ಹ್ವಾದ ದೀಪಾವಳ್ಯಾಗ ಆಕಿ ತುಟಿ ಕೆಂಪಗಿತ್ತು," ಎಂದಳು ಸರೋಜವ್ವ.

"ಲಿಪ್‌ಸ್ಟಿಕ್ ಹಚ್ಚಿದ್ಲು."

"ನಾಲಗಿಗೂ ಹಚ್ಚಿದ್ಲೇನ್ರಿ?"

ಅಡಿವೆವ್ವ ಗೋಡೆಯ ಮೇಲಿನ ದವಡೆಯ ಚಿತ್ರವನ್ನು ಆಸಕ್ತಿಯಿಂದ ನೋಡತೊಡಗಿದಳು.

ಡಾಕ್ಟರು ನಡುವೆ ಬಂದು ಬಿಡಿಸಿ ಹೇಳಿದರು. ಇದು ಹೊರಗಿನಿಂದ ಹೋದದ್ದಲ್ಲ. ಮರಳಿ ಕೂರಿಸಿದ ಎಳೆಯ ಹಲ್ಲಿಗೆ ರಕ್ತ ಹರಿದು, ಒಳಗಿನ ತಿರುಳು ತಾನೇ ಈ ಗಟ್ಟಿ ಪದರ ಕಟ್ಟಿಕೊಂಡಿದೆ. ಹಳದಿ ಬಣ್ಣವೂ ಅದರಿಂದಲೇ.

"ಮುರದ ಎಲುಬು ತಾನ ಕೂಡತೈತೆಲ್ರಿ, ಹಂಗ. ಬೇರು ಭದ್ರ ಐತಿ."

"ಹಂಗಾರ ಚಲೋನ ಆತು?" ಅಡಿವೆವ್ವ ಎದ್ದು ನಿಂತಳು.

"ಚಲೋನ ಆಗೇತ್ರಿ."

"ಆಗದ ಏನು? ದಿನಾ ಊಟಾದ ಮ್ಯಾಲ ನಾನ ಸುಣ್ಣಾ ಸವರಿ ಎಲಿ ಕೊಟ್ಟೇನಿ."

ರಾಜಶ್ರೀ ಮೆಲ್ಲಗೆ ಕಣ್ಣು ಮುಚ್ಚಿಕೊಂಡಳು.

"ಕೇಳಿದ್ರ್ಯಾ ಡಾಕ್ಟರ್ರ?" ಎಂದಳು ಸರೋಜವ್ವ. "ತಮ್ಮ ಬಾಯಿಲೆನ ಒಪ್ಪಿದ್ರು."

ಡಾಕ್ಟರು ನಗು ತಡೆದುಕೊಂಡು, ಎಲೆಯ ಸುಣ್ಣಕ್ಕೂ ಈ ಪದರಕ್ಕೂ ಸಂಬಂಧವಿಲ್ಲ, ಹಲ್ಲು ಕೀಳುವ ಮಾತೇ ಬೇಡ, ಆಗಾಗ ಬಂದು ತೋರಿಸಿದರೆ ಸಾಕು, ಹುಡುಗಿ ಎಲೆ ಮಾತ್ರ ಬಿಡಬೇಕು ಎಂದರು.

ರಾಜಶ್ರೀ ಕಣ್ಣು ತೆರೆದು, ತನ್ನ ಹಳದಿ ಹಲ್ಲನ್ನು ನಾಲಗೆಯಿಂದ ಒಮ್ಮೆ ಮುಟ್ಟಿ ನೋಡಿಕೊಂಡಳು.

ಅಡಿವೆವ್ವ ಸೊಸೆಯ ಕಡೆ ತಿರುಗಿದಳು.

"ಕೇಳಿದ್ಯಾ? ಸುಣ್ಣದ್ದೇನೂ ಇಲ್ಲಂತ ಡಾಕ್ಟರ್ರ ಹೇಳ್ಯಾರ. ಮುಂಜಾನಿಂದ ಸುಮ್ಮನ ನನ್ನ ಮ್ಯಾಲ ಹಾಕಾಕತ್ತಿದ್ದಿ."