ಅರ್ಜಿರಾಯನ ರಾಜೀನಾಮೆ

ಡಬ್ಬಿಗೆ ಸುತ್ತಲು ಮಾವನಿಗೆ ಅಂದು ಬೇರೆ ಕಾಗದವೇ ಸಿಗಲಿಲ್ಲವೇ ಎಂದು ಅರ್ಜಿರಾಯ ಆಮೇಲೆ ನೂರು ಸಲ ಹಲುಬಿದ. ಮನೆಯಲ್ಲಿ ಹಳೆಯ ಪೇಪರಿನ ಕಟ್ಟೇ ಬಿದ್ದಿತ್ತು. ಅದನ್ನೆಲ್ಲ ಬಿಟ್ಟು, ದಪ್ಪ ಪುಸ್ತಕದೊಳಗೆ ಜೋಪಾನವಾಗಿ ಇಟ್ಟಿದ್ದ ಕಾಗದವನ್ನೇ ಹುಡುಕಿ ತೆಗೆದು, ಎಣ್ಣೆ ಸೋರುವ ಊಟದ ಡಬ್ಬಿಗೆ ಸುತ್ತಿ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದರು ಆ ಪುಣ್ಯಾತ್ಮರು. ಹನ್ನೊಂದು ಗಂಟೆಗೆ ಹಸಿವು ತಾಳಲಾರದೆ ಅವನು ಡಬ್ಬಿ ಬಿಚ್ಚಿದಾಗ ಪಕ್ಕದ ಮೇಜಿನ ಕಲಂ ಅಮ್ಮನ ಕಣ್ಣು ಬಿದ್ದದ್ದು ಊಟದ ಮೇಲಲ್ಲ, ಕಾಗದದ ಮೇಲೆ.

"ಸಂಶೋಧನಾ ಪ್ರವೇಶ ಮತ್ತು ಫೆಲೋಶಿಪ್ ಅರ್ಜಿ, ಅರ್ಜಿದಾರರ ಪ್ರತಿ," ಎಂದು ಆಕೆ ಇಡೀ ಕೋಣೆಗೆ ಕೇಳುವಂತೆ ಓದಿದರು. "ಅಯ್ಯೋ ಶಿವನೇ, ಇದು ನಿಮ್ಮ ಹೆಸರಲ್ವೇನ್ರೀ!"

ಮುಗಿಯಿತು. ನಾಲ್ಕು ತಿಂಗಳು ಹೆಂಡತಿ ಮತ್ತು ಮಾವನನ್ನು ಬಿಟ್ಟು ಯಾರಿಗೂ ಗೊತ್ತಾಗದಂತೆ ಕಾಪಾಡಿದ ಗುಟ್ಟು ಒಂದೇ ಉಸಿರಿಗೆ ಬೀದಿಗೆ ಬಿತ್ತು.

ಅರ್ಜಿರಾಯ ಅನ್ನುವುದು ತಾಯಿ ತಂದೆ ಇಟ್ಟ ಹೆಸರಲ್ಲ. ಅವರಿಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ದೊಡ್ಡ ವಿಶ್ವವಿದ್ಯಾಲಯ ಅದು. ಓದಲು ಯೋಗ್ಯತೆ ಇಲ್ಲದವರೂ ಬಂದು ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಅಲ್ಲಿನ ಪ್ರವೇಶ ವಿಭಾಗದಲ್ಲಿ 'ವಿಚಾರಣೆ' ಎಂಬ ಬೋರ್ಡಿನ ಕೆಳಗಿನ ಕಿಟಕಿಯಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದವನು ಇವನು. ಸೀಟು ಸಿಕ್ಕಿತೇ, ಫೆಲೋಶಿಪ್ ಬಂದಿತೇ ಎಂದು ಕೇಳುವ ಸಾವಿರಾರು ಮಂದಿಗೆ, ಅವರ ಅಪ್ಪಂದಿರಿಗೆ, ಅತ್ತಿಗೆಯಂದಿರಿಗೆ "ಪರಿಶೀಲನೆಯಲ್ಲಿದೆ" ಎಂದು ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ನಿದ್ದೆಯಲ್ಲಿ ಹೆಂಡತಿ ಅಲುಗಿಸಿದರೂ ಅದನ್ನೇ ಅನ್ನುತ್ತಿದ್ದನಂತೆ.

ಆದರೆ ಅವನ ಮನಸ್ಸು ಇದ್ದದ್ದು ಮರಳಿನಲ್ಲಿ. ಒಣ ಮರಳನ್ನು ಕಾಳುಕಾಳಾಗಿ ಸುರಿಯುತ್ತ ಹೋದರೆ ರಾಶಿ ಯಾವ ಕಾಳಿಗೆ ಕುಸಿಯುತ್ತದೆ? ಇದು ಅವನ ಪ್ರಶ್ನೆ. ಸಂಜೆ ಮನೆಗೆ ಬಂದವನೇ ತಟ್ಟೆಯಲ್ಲಿ ಮರಳು ಸುರಿದು, ಲೆಕ್ಕ ಬರೆದು, ಮತ್ತೆ ಸುರಿಯುತ್ತಿದ್ದ. ಹಾಸಿಗೆಯಲ್ಲಿ ಮರಳು, ಸಕ್ಕರೆ ಡಬ್ಬಿಯಲ್ಲಿ ಮರಳು. "ಇದಕ್ಕೆ ಐದು ವರ್ಷ ಓದ್ಬೇಕೇನು ಅಳಿಯಂದ್ರೇ? ಇನ್ನೊಂದು ಹಿಡಿ ಹಾಕಿ, ತಾನಾಗೇ ಕುಸಿಯತ್ತೆ," ಎಂದು ಮಾವ ಸಮಸ್ಯೆಯನ್ನು ಎಂದೋ ಬಗೆಹರಿಸಿದ್ದರು. ಮೂರು ಸಲ ಅರ್ಜಿ ಹಾಕಿ ಮೂರು ಸಲವೂ ಬಿದ್ದಿದ್ದ. ಮುಂದಿನ ತಿಂಗಳಿಗೆ ನಲವತ್ತು ತುಂಬುತ್ತದೆ. ನಲವತ್ತಾದವರು ಅರ್ಜಿ ಹಾಕುವಂತಿಲ್ಲ. ಆ ಕಿಟಕಿಯಿಂದ ಎದ್ದು ಒಂದು ನಿಜವಾದ ಪ್ರಯೋಗಾಲಯದಲ್ಲಿ ಹಗಲು ಹೊತ್ತು ನಿಂತು ಕೆಲಸ ಮಾಡಬೇಕೆಂಬ ಆಸೆಗೆ ಇದೇ ಕೊನೆಯ ಅವಕಾಶ. ಸಮಿತಿ ಇವತ್ತೇ ಮೇಲಿನ ಮಹಡಿಯಲ್ಲಿ ಸೇರಿತ್ತು. ಅವರ ಮುಂದಿದ್ದ ಕಡತಗಳಲ್ಲಿ ಹೆಸರಿಲ್ಲ, ಬರೀ ನಂಬರು. ನಾಲ್ಕು ಗಂಟೆಗೆ ಹೆಸರಿನ ಲಕೋಟೆ ಒಡೆಯುತ್ತಾರೆ.

"ಒಳ್ಳೇದಾಗ್ಲಿ," ಎಂದರು ಕಲಂ ಅಮ್ಮ, ಒಳ್ಳೆಯದಾಗುವುದು ಕಷ್ಟ ಎಂಬ ದನಿಯಲ್ಲಿ. ಲೆಕ್ಕಪತ್ರದ ಮೇಜಿನ ಈಕೆಗೆ ವಿಶ್ವವಿದ್ಯಾಲಯದ ನಿಯಮಾವಳಿಯ ಒಂದೊಂದು ಕಲಮೂ ಬಾಯಿಪಾಠ. "ಆದ್ರೆ ರಾಯ್ರೇ, ಕಲಂ ಹದಿನಾಲ್ಕು, ಉಪಕಲಂ ಇ ನೋಡಿದೀರಾ?"

"ಏನಮ್ಮಾ ಅದು?"

"ಲಕೋಟೆ ಒಡೆದಾಗ ಅರ್ಜಿದಾರ ಇಲ್ಲಿನ ನೌಕರ ಆಗಿದ್ರೆ ಫೆಲೋಶಿಪ್ ಇಲ್ಲ. ಮುಂದಿನ ನಂಬರಿಗೆ ಹೋಗತ್ತೆ. ನಾಲ್ಕಕ್ಕೆ ಮುಂಚೆ ರಾಜೀನಾಮೆ ಕೊಟ್ಟಿರ್ಬೇಕು."

"ಸಿಗತ್ತೋ ಇಲ್ವೋ ಗೊತ್ತಾಗೋ ಮುಂಚೇನೇ?"

"ನಿಯಮ ನಾನು ಮಾಡಿದ್ದಲ್ಲಪ್ಪ," ಎಂದು ಆಕೆ ಅವನ ಡಬ್ಬಿಯಿಂದಲೇ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಂಡರು.

ಅರ್ಜಿರಾಯನಿಗೆ ಇತ್ತ ದರಿ, ಅತ್ತ ಪುಲಿ. ರಾಜೀನಾಮೆ ಕೊಟ್ಟು ಫೆಲೋಶಿಪ್ ಸಿಗದಿದ್ದರೆ ಬೀದಿಪಾಲು. ಕೊಡದೆ ಫೆಲೋಶಿಪ್ ಸಿಕ್ಕರೆ ಕೈಗೆ ಬಂದ ತುತ್ತು ಇನ್ಯಾರದೋ ಬಾಯಿಗೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿಗೆ ಫೋನು ಮಾಡಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಕೌಂಟರ್ ಮುಂದೆ ಹತ್ತು ಜನ ನಿಂತಿದಾರೆ. ನಿಮ್ಮಿಷ್ಟ," ಎಂದು ಇಟ್ಟುಬಿಟ್ಟಳು. ಹದಿಮೂರು ವರ್ಷದ ಸಂಸಾರದಲ್ಲಿ 'ನಿಮ್ಮಿಷ್ಟ' ಎಂಬ ಮಾತಿಗೆ ಅವನು ಏಳೆಂಟು ಅರ್ಥ ಕಂಡಿದ್ದ. ಅವುಗಳಲ್ಲಿ ಒಂದೂ ಅವನ ಇಷ್ಟಕ್ಕೆ ಸಂಬಂಧಪಟ್ಟದ್ದಲ್ಲ.

ಎರಡು ನಿಮಿಷಕ್ಕೆ ಮಾವನ ಫೋನು ಬಂತು. ಮಗಳು ಅಪ್ಪನಿಗೆ ಸುದ್ದಿ ಮುಟ್ಟಿಸಿದ್ದಳು.

"ಅಳಿಯಂದ್ರೇ, ಇಡೀ ಬೀದಿಗೆ ಹೇಳ್ಬಿಟ್ಟೆ! ಎದುರುಮನೆಯವರಿಗೆ ನಂಬಿಕೆನೇ ಬರ್ಲಿಲ್ಲ!"

"ಮಾವ, ಇನ್ನೂ ಏನೂ ಆಗಿಲ್ಲ..."

"ಆಗತ್ತೆ ಬಿಡಿ. ನಾನು ಅಲ್ಲಿಗೇ ಬರ್ತಿದೀನಿ."

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ಮಾವನಷ್ಟು ಚುರುಕಾದ ದರ್ಜಿ ಇನ್ನೊಬ್ಬನಿಲ್ಲ.

ಕೂತಲ್ಲಿ ಕೂರಲಾಗಲಿಲ್ಲ. ಹಾಜರಿ ಪುಸ್ತಕಕ್ಕೆ ಸದಸ್ಯರ ಸಹಿ ಬೇಕೆಂಬ ನೆಪ ಮಾಡಿಕೊಂಡು ಅರ್ಜಿರಾಯ ಮೇಲಿನ ಮಹಡಿಗೆ ಹೋದ. ಸಹಿಗಾಗಿ ಪುಸ್ತಕ ಮೇಜಿನ ಸುತ್ತ ಹೊರಟಿತು. ಇವನು ಬಾಗಿಲ ಬಳಿ ಕಿವಿ ನೆಟ್ಟಗೆ ಮಾಡಿ ನಿಂತ.

"ಈ ಮರಳಿನ ರಾಶಿಯವನು ಪರವಾಗಿಲ್ಲ ಕಣ್ರೀ, ಕೆಲಸ ಗೊತ್ತು," ಎಂದರು ಡೀನ್. "ತಗೊಳ್ಳೋಣ."

"ತಗೊಳ್ಳಿ ಸಾರ್, ಬೇಡ ಅಂದೋರ್ಯಾರು?" ಎಂದಿತು ಇನ್ನೊಂದು ದನಿ. "ದುಡ್ಡೆಲ್ಲಿದೆ? ಇದ್ದ ಫೆಲೋಶಿಪ್ ಎಲ್ಲಾ ಹಂಚಿ ಆಯ್ತು."

"ನಾಲ್ಕು ಗಂಟೆವರೆಗೆ ನೋಡೋಣ. ಎಲ್ಲಾದ್ರೂ ಹಣ ಸಿಕ್ರೆ ಅವನ ಪುಣ್ಯ. ಏನ್ರೀ, ಸಹಿ ಆಯ್ತಲ್ಲ, ಇನ್ನೂ ಯಾಕೆ ನಿಂತಿದೀರಿ?"

ಮೆಟ್ಟಿಲು ಇಳಿಯುವಾಗ ಅರ್ಜಿರಾಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜಗತ್ತಿನಲ್ಲೇ ಹೆಸರಾದ ವಿಶ್ವವಿದ್ಯಾಲಯ ಅವನನ್ನು ಆರಿಸಿದೆ! ಆದರೆ ದುಡ್ಡಿಲ್ಲ. ಮದುವೆ ಗೊತ್ತಾಗಿದೆ, ಹೆಣ್ಣಿಲ್ಲ ಅಂದ ಹಾಗಾಯಿತು.

ಕೆಳಗೆ ಬಂದರೆ ಕಿಟಕಿಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಬೆಳಗಿನಿಂದ ಒಂಬತ್ತನೇ ಸಲ ಅದೇ ಹೆಂಗಸು. ಅವರ ಮಗಳದ್ದು ಏನಾಯಿತಂತೆ.

"ಪರಿಶೀಲನೆಯಲ್ಲಿದೆಯಮ್ಮಾ!"

"ನಿಮಗೇನ್ರೀ, ಆರಾಮಾಗಿ ಹೇಳ್ಬಿಡ್ತೀರಿ. ಕಾಯೋರ ಹೊಟ್ಟೆ ಸಂಕಟ ನಿಮಗೇನು ಗೊತ್ತು?"

ಅರ್ಜಿರಾಯನಿಗೆ ರೇಗಿಹೋಯಿತು. "ನಂಗೊತ್ತಿಲ್ವಾ? ನಂಗೇ ಗೊತ್ತಿಲ್ವಾ!" ಎಂದು ಅವನು ಕೂಗಿದ್ದಕ್ಕೆ ಸಾಲಿನಲ್ಲಿ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು.

ಎರಡೂವರೆಗೆ ತಡೆಯಲಾಗದೆ ಒಂದು ಉಪಾಯ ಹೂಡಿದ. ಅರ್ಜಿ ಹಾಕಿದ ನೌಕರ ಸಮಿತಿಯವರನ್ನು ವಿಚಾರಿಸಿದರೆ ಅರ್ಜಿಯೇ ರದ್ದು. ಅದಕ್ಕೇ ಕಾರಿಡಾರಿನ ಫೋನಿಗೆ ಹೋಗಿ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, ದನಿ ದಪ್ಪ ಮಾಡಿ ಮೇಲಕ್ಕೆ ಫೋನು ಹಚ್ಚಿದ.

"ಸಾರ್, ನಾನೊಬ್ಬ ಅರ್ಜಿದಾರನ ಚಿಕ್ಕಪ್ಪ. ಕೊನೇ ಫೆಲೋಶಿಪ್ಪಿಗೆ ಹಣ ಏನಾದ್ರೂ..."

"ಇದನ್ನೆಲ್ಲ ನನ್ನ ಕೇಳಬಾರದ್ರೀ," ಎಂದರು ಡೀನ್. "ವಿಚಾರಣೆ ಕಿಟಕಿ ಅಂತ ಇದೆ. ಅಲ್ಲೊಬ್ಬ ಕೂತಿರ್ತಾನೆ, ಅವನಿಗೆ ಎಲ್ಲಾ ಗೊತ್ತು. ಲೈನ್ ಕೊಡ್ತೀನಿ, ತಡೀರಿ."

ಕಟಕ್ ಎಂದಿತು. ಹತ್ತು ಹೆಜ್ಜೆ ಆಚೆ, ತೆರೆದ ಬಾಗಿಲಿನೊಳಗೆ, ಅವನದೇ ಖಾಲಿ ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ಅರ್ಜಿರಾಯ ಕರವಸ್ತ್ರ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತ. ಏಳನೇ ಸಲ ಬಡಿದಾಗ ಕಲಂ ಅಮ್ಮ ಎದ್ದು ಬಂದು ಫೋನು ಎತ್ತಿ, "ಪರಿಶೀಲನೆಯಲ್ಲಿದೆ!" ಎಂದು ಅವನ ಕಿವಿಯೊಳಗೇ ಕಿರುಚಿ ಕುಕ್ಕಿದರು.

ಕೊನೆಗೆ ಒಂದು ನಿರ್ಧಾರಕ್ಕೆ ಬಂದ. ಪೂರ್ತಿ ನಿರ್ಧಾರವಲ್ಲ, ಅರ್ಧ. ರಾಜೀನಾಮೆ ಬರೆದು ಸಿದ್ಧವಾಗಿಡುವುದು. ನಾಲ್ಕಕ್ಕೆ ಐದು ನಿಮಿಷ ಇರುವವರೆಗೂ ಕಾದು, ಹಣ ಸಿಕ್ಕಿದ ಸುಳಿವು ಬಂದರೆ ಕೊಡುವುದು. ನಾಲ್ಕು ಸಾಲು ಬರೆದು, ಸಹಿ ಹಾಕಿ, ಕಾಗದಗಳನ್ನು ಸ್ವೀಕರಿಸುವ ಮೇಜಿಗೆ ಹೋದ. ಅಲ್ಲಿ ಕೂರುವವನಿಗೆ ಎಲ್ಲರೂ ಮೊಹರಣ್ಣ ಅನ್ನುತ್ತಿದ್ದರು.

"ಮೊಹರಣ್ಣ, ಇದು ಇಲ್ಲಿರ್ಲಿ. ನಾನು ಹೇಳೋವರೆಗೂ ಮುದ್ರೆ ಒತ್ತಬೇಡ. ಕೇಳಿಸ್ತಾ?"

"ಕೇಳಿಸ್ತು ರಾಯ್ರೇ. ಒತ್ತಲ್ಲ," ಎಂದ ಮೊಹರಣ್ಣ, ಮತ್ತು ಒತ್ತಿದ.

ತಪ್ಪು ಅವನದ್ದೂ ಅಲ್ಲ. ಇಪ್ಪತ್ತಾರು ವರ್ಷದಿಂದ ಆ ಮೇಜಿನ ಮೇಲೆ ಬಿದ್ದ ಯಾವ ಕಾಗದವನ್ನೂ ಅವನ ಕೈ ಸುಮ್ಮನೆ ಬಿಟ್ಟದ್ದಿಲ್ಲ. ಒಮ್ಮೆ ತನ್ನ ಮಗಳ ಮದುವೆಯ ಕರೆಯೋಲೆಗಳಿಗೂ 'ಸ್ವೀಕರಿಸಲಾಗಿದೆ' ಎಂದು ಒತ್ತಿ ಹಂಚಿದ್ದ. ಅರ್ಜಿರಾಯ ಹಾ ಎನ್ನುವಷ್ಟರಲ್ಲಿ ಮೊಹರಣ್ಣ ನಂಬರು ಹಾಕಿ, ಸಮಯ ಬರೆದು, ಮೇಲೆ ಹೋಗುವ ಕಡತಕ್ಕೆ ಸೇರಿಸಿದ. ಜವಾನ ಅದನ್ನು ಎತ್ತಿಕೊಂಡು ಹೊರಟೇಬಿಟ್ಟ.

"ಅಯ್ಯೋ, ತಡಿಯೋ! ನಿಲ್ಲೋ!"

ಅರ್ಜಿರಾಯ ಮೆಟ್ಟಿಲು ಹತ್ತಿ ಓಡಿದ. ಗಾಬರಿಯೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಡೀನ್ ಅಂದರೆ ಅರ್ಧ ದಿನದ ರಜೆ ಚೀಟಿಯನ್ನೂ ಮೂರು ವಾರ ಕಡತದ ಕೆಳಗಿಟ್ಟುಕೊಂಡು ಕೂರುವ ಮನುಷ್ಯ. ರಾಜೀನಾಮೆಗೆ ಮೂರು ತಿಂಗಳಾದರೂ ಬೇಕು. ಅವನು ಏದುಸಿರು ಬಿಡುತ್ತ ಬಾಗಿಲು ಮುಟ್ಟುವ ಹೊತ್ತಿಗೆ ಜವಾನ ಹೊರಗೆ ಬರುತ್ತಿದ್ದ. "ಆಯ್ತು ಸಾರ್. ನೋಡಿದ ತಕ್ಷಣ ಸಹಿ ಹಾಕಿದ್ರು. ತುಂಬಾ ಖುಷಿಯಾಗಿದ್ರು."

ತುಂಬಾ ಖುಷಿ! ಹನ್ನೊಂದು ವರ್ಷದ ದುಡಿಮೆಗೆ ಇದೇನಾ ಬೆಲೆ? ಅರ್ಜಿರಾಯ ಮೆಟ್ಟಿಲ ಮೇಲೇ ಕುಸಿದು ಕೂತ. ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

ಕೆಳಗೆ ಅಷ್ಟರಲ್ಲಿ ಕಲಂ ಅಮ್ಮ ಪಟ್ಟಿ ಹಿಡಿದು ಕಾಯುತ್ತಿದ್ದರು. ಹೊರಗೆ ಹೋಗುವ ನೌಕರ ಮೇಜು, ಬೀಗ, ಸ್ಟೇಪ್ಲರು ಒಪ್ಪಿಸಬೇಕು. "ಮೆತ್ತೆ ಇರೋ ಕುರ್ಚಿ ಒಂದು. ಬನ್ನಿ, ಇಲ್ಲಿ ಸಹಿ ಹಾಕಿ," ಎಂದು ಕುರ್ಚಿಯನ್ನು ಅವನ ಎದುರಿಗೇ ತಳ್ಳಿಕೊಂಡು ಹೋದರು. ಅದೇ ಹೊತ್ತಿಗೆ ಮಾವ ಒಳಗೆ ಬಂದರು. ಕೈಯಲ್ಲಿ ಹೊಚ್ಚ ಹೊಸ ಶಾಲೆಯ ಚೀಲ, ಕೆಂಪು ಬಣ್ಣದ್ದು, ನೀರಿನ ಬಾಟಲಿಗೆ ಪಕ್ಕದಲ್ಲಿ ಜೇಬು.

"ಹಾಕ್ಕೊಳ್ಳಿ ಅಳಿಯಂದ್ರೇ, ಅಳತೆ ನೋಡೋಣ."

"ಮಾವ, ನಿಮ್ಮ ದಮ್ಮಯ್ಯ, ಸ್ವಲ್ಪ ಸುಮ್ನಿರಿ!"

ಆದರೂ ಹಾಕಿಸಿಯೇ ಬಿಟ್ಟರು. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮುಖ ತಿರುಗಿಸಿಕೊಂಡು ನಕ್ಕಳು. ನಾಲ್ಕು ಗಂಟೆ ಬಾರಿಸಿದಾಗ ಅರ್ಜಿರಾಯ ಕೆಲಸವಿಲ್ಲದ, ಕುರ್ಚಿಯಿಲ್ಲದ, ಬೆನ್ನಿಗೆ ಕೆಂಪು ಚೀಲ ಹೊತ್ತ ಮೂವತ್ತೊಂಬತ್ತರ ಗಂಡಸಾಗಿ ಗೋಡೆಗೆ ಒರಗಿ ನಿಂತಿದ್ದ.

ಆಗ ಡೀನ್ ತಾವಾಗಿಯೇ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಒಡೆದ ಲಕೋಟೆ.

"ಮರಳಿನ ರಾಶಿ ನೀವೇ ಏನ್ರೀ! ಹೇಳೋದಲ್ವಾ! ಸೀಟು ಸಿಕ್ಕಿದೆ. ಫೆಲೋಶಿಪ್ಪೂ ಸಿಕ್ಕಿದೆ. ತಗೊಳ್ಳಿ ಪತ್ರ!"

ಅರ್ಜಿರಾಯ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಣ್ಣಲ್ಲಿ ದಳದಳ ನೀರು. ಮೊಹರಣ್ಣ ಚಪ್ಪಾಳೆ ತಟ್ಟಿದ. ಮಾವ ಆಗಲೇ ಎದುರುಮನೆಗೆ ಫೋನು ಮಾಡಿ ಆಗಿತ್ತು. ಹದಿನೈದು ವರ್ಷದ ಆಸೆ, ಮೂರು ಸಲದ ಅವಮಾನ, ಎಲ್ಲಾ ಒಂದೇ ಸಲ ಕರಗಿಹೋಯಿತು. ಇಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಹಣ ಎಲ್ಲಿಂದ ಬಂತು ಸಾರ್?" ಎಂದು ಕೇಳಿದ ಕಣ್ಣೊರೆಸಿಕೊಳ್ಳುತ್ತ.

"ಅದೇ ಪವಾಡ! ಮೂರು ಗಂಟೆವರೆಗೂ ಬಿಡಿಗಾಸಿರ್ಲಿಲ್ಲ. ಅಷ್ಟರಲ್ಲಿ ನಿಮ್ಮ ರಾಜೀನಾಮೆ ಬಂತು ನೋಡಿ. ಒಂದು ಹುದ್ದೆ ಖಾಲಿ ಬಿತ್ತು! ಆ ಸಂಬಳದಲ್ಲಿ ಅರ್ಧ ಫೆಲೋಶಿಪ್ಪಿಗೆ, ಅರ್ಧ ಸೋರೋ ಚಾವಣಿ ರಿಪೇರಿಗೆ ಅಂತ ತಕ್ಷಣ ಬರೆದೆ. ಹುದ್ದೆ ಹಣ ಆದ್ರಿಂದ ಒಂದೇ ಒಂದು ಷರತ್ತು. ಫೆಲೋಶಿಪ್ ತಗೊಂಡೋರು ಆ ಹುದ್ದೆ ಕೆಲಸನೂ ನೋಡ್ಕೋಬೇಕು. ಬೆಳಿಗ್ಗೆ ಹತ್ತರಿಂದ ಸಂಜೆ ಐದು."

"ಯಾವ ಹುದ್ದೆ ಸಾರ್?"

"ಇದೇ ರೀ, ಕಿಟಕಿ. ಯಾರೋ ಹೊಸ ಹುಡುಗನಿಗೆ ಕೆಲಸ ಕಲಿಸಬೇಕಲ್ಲಪ್ಪ ಅಂತ ಯೋಚನೆಯಾಗಿತ್ತು. ನೀವೇ ಆಗಿದ್ದು ಎಷ್ಟು ಅನುಕೂಲ ಆಯ್ತು!"

ಅರ್ಜಿರಾಯ ಪತ್ರವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. "ಹಾಗಾದ್ರೆ ಸಂಶೋಧನೆ?" ಎಂದ.

"ಐದರ ಮೇಲೆ ಮನೇಲಿ ಮಾಡಿ. ಇಷ್ಟು ದಿನ ಹೇಗೆ ಮಾಡ್ತಿದ್ರೋ ಹಾಗೇ. ಅದೇ ಚೆನ್ನಾಗಿ ಬಂದಿದೆ," ಎಂದು ಡೀನ್ ಅವನ ಬೆನ್ನಿನ ಚೀಲವನ್ನು ತಟ್ಟಿ ಹೊರಟುಹೋದರು.

ಅರ್ಜಿರಾಯ ಕಲಂ ಅಮ್ಮನ ಕಡೆ ತಿರುಗಿದ. ಅವನ ಮುಖ ನೋಡಿ ಆಕೆಗೂ ಅಯ್ಯೋ ಅನ್ನಿಸಿತು.

"ಅಮ್ಮಾ, ಈ ಹುದ್ದೆ ಖಾಲಿ ಇದೆ ಅಂದ್ರಲ್ಲ. ಇದಕ್ಕೆ ನಾನೇ ಮತ್ತೆ ಅರ್ಜಿ ಹಾಕಿದ್ರೆ? ಪೂರ್ತಿ ಸಂಬಳಕ್ಕೆ?"

"ಹಾಕಬಹುದಿತ್ತು ರಾಯ್ರೇ," ಎಂದು ಆಕೆ ಮೆತ್ತಗೆ ಹೇಳಿದರು. "ಆದ್ರೆ ಕಲಂ ಹದಿನೇಳು. ಫೆಲೋಶಿಪ್ ತಗೊಂಡ ವಿದ್ಯಾರ್ಥಿಗಳು ಇಲ್ಲಿ ಯಾವ ನೌಕರಿಗೂ ಅರ್ಜಿ ಹಾಕೋ ಹಾಗಿಲ್ಲ. ಓದು ಹಾಳಾಗತ್ತೆ ಅಂತ."

ಕಿಟಕಿಯ ಆಚೆ ಸಾಲು ಬೆಳೆದಿತ್ತು. ಯಾರೋ ಗಾಜು ಕುಟ್ಟುತ್ತಿದ್ದರು. ಐದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ವಿದ್ಯಾರ್ಥಿಗಳಿಗೆ ಮೆತ್ತೆಯ ಕುರ್ಚಿ ಇಲ್ಲವೆಂದು ಮೊಹರಣ್ಣ ಎಲ್ಲಿಂದಲೋ ಒಂದು ಮುರುಕು ಸ್ಟೂಲು ತಂದಿಟ್ಟ.